ಒಂದು ಹೆಸರಿನ ಇಬ್ಬರು

ಗಡಹಿಂಗ್ಲಜದ ನಮ್ಮ ವಾಚನಾಲಯಕ್ಕೆ ನಾನು ಗ್ರಂಥಪಾಲಕಿಯಾಗಿ ಸೇರಿದಾಗ ನನ್ನ ಕೂದಲು ಕಪ್ಪಗಿತ್ತು, ಪುಸ್ತಕದ ಕಾರ್ಡುಗಳು ಕಟ್ಟಿಗೆಯ ಡ್ರಾವರುಗಳಲ್ಲಿದ್ದವು. ಈಗ ಕೂದಲಿಗೆ ಮೆಹಂದಿ ಬಂದಿದೆ, ಕಾರ್ಡಿನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ನಾಲಗೆಯೊಂದು ಮಾತ್ರ ಮೊದಲಿನ ಹಾಗೇ ಇದೆ ಎಂದು ನನ್ನ ಗಂಡ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ. ಈ ನಾಲಗೆ ಇಲ್ಲದಿದ್ದರೆ ನಾನು ಹೇಳಹೊರಟ ಕೆಲಸ ಆಗುತ್ತಲೇ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೊಲ್ಹಾಪುರ, ಇಚಲಕರಂಜಿ ಮತ್ತು ನಮ್ಮ ಊರಿನ ಮೂರು ಹಳೆಯ ವಾಚನಾಲಯಗಳು ಸೇರಿ ತಮ್ಮ ಪುಸ್ತಕಗಳನ್ನೆಲ್ಲ ಒಂದೇ ಡಿಜಿಟಲ್ ಕ್ಯಾಟಲಾಗಿಗೆ ಹಾಕುವುದೆಂದು ಠರಾಯಿಸಿದವು. ಯಾರು ಎಲ್ಲಿ ಕುಳಿತು ಮೊಬೈಲಿನಲ್ಲಿ ಹುಡುಕಿದರೂ ಮೂರೂ ಕಡೆಯ ಮರಾಠಿ, ಕನ್ನಡ ಪುಸ್ತಕಗಳು ಕಾಣಬೇಕು. ತೀರ ಹಳೆಯವನ್ನು ಅಲ್ಲೇ ತೆರೆದು ಓದಲೂ ಬರಬೇಕು. ಈ ಕೆಲಸದ ಮುಖ್ಯಸ್ಥರು ಕೊಲ್ಹಾಪುರದವರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅವರ ಮಾತು ಮರಾಠಿ. ತಾಯಿ ನಿಪ್ಪಾಣಿಯವರಾದ್ದರಿಂದ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಇದು ನನಗೆ ಅನುಕೂಲವಾಯಿತು. ಸಿಟ್ಟು ಬಂದಾಗ ನನ್ನ ಬಾಯಿಗೆ ಮರಾಠಿ ಬರುವುದಿಲ್ಲ.

ಕನ್ನಡ ಪುಸ್ತಕಗಳ ಲೇಖಕರ ಹೆಸರುಗಳನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊರಗಿನವರಿಗೆ ಇದು ಕೆಲಸವೆಂದೇ ಅನಿಸುವುದಿಲ್ಲ. ಪುಸ್ತಕದ ಮೇಲೆ ಹೆಸರಿದೆ, ನೋಡಿ ಬರೆದರಾಯಿತು ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಅದು ಅಷ್ಟು ಸುಲಭವಿಲ್ಲ. ಒಬ್ಬನೇ ಮನುಷ್ಯ ಕನ್ನಡ ಪುಸ್ತಕದಲ್ಲಿ ಮನೆತನದ ಹೆಸರಿನಿಂದ ಬರೆದಿರುತ್ತಾನೆ, ಮರಾಠಿ ಪುಸ್ತಕದಲ್ಲಿ ಊರಿನ ಹೆಸರಿಗೆ ‘ಕರ’ ಹಚ್ಚಿಕೊಂಡಿರುತ್ತಾನೆ, ಭಜನೆಯ ಪುಸ್ತಕದಲ್ಲಿ ಗುರುಗಳು ಕೊಟ್ಟ ಹೆಸರಿನಿಂದ ಬಂದಿರುತ್ತಾನೆ. ಮೂರು ಹೆಸರು ಮೂರು ಕಡೆ ಬಿದ್ದರೆ ಓದುವವರಿಗೆ ಮೂವರು ಕಾಣುತ್ತಾರೆ. ಅದಕ್ಕಾಗಿ ಒಪ್ಪಿತ ಹೆಸರುಗಳ ಪಟ್ಟಿಯೊಂದನ್ನು ಮಾಡುತ್ತೇವೆ. ಒಬ್ಬರಿಗೆ ಒಂದೇ ಒಪ್ಪಿತ ಹೆಸರು. ಉಳಿದ ಹೆಸರುಗಳ ಮುಂದೆ ‘ಇದನ್ನು ನೋಡಿ’ ಎಂಬ ಸೂಚನೆ. ಯಾವ ಹೆಸರಿನಿಂದ ಹುಡುಕಿದರೂ ಅವೇ ಪುಸ್ತಕಗಳು ಸಿಗಬೇಕು. ವಿಷಯಗಳಿಗೂ ಹೀಗೆಯೇ. ಇಚಲಕರಂಜಿಯವರು ಮಾಗ ಎನ್ನುತ್ತಾರೆ, ಪುಸ್ತಕ ಬರೆಯುವವರು ವಿದ್ಯುತ್ ಮಗ್ಗ ಎನ್ನುತ್ತಾರೆ, ಹುಡುಗರು ಪವರ್‌ಲೂಮ್ ಎನ್ನುತ್ತಾರೆ. ಮನೆಗೆ ಬಾಗಿಲು ಎಷ್ಟಿದ್ದರೂ ಒಲೆ ಒಂದಿರಬೇಕು, ಇಷ್ಟೇ ನಮ್ಮ ಶಾಸ್ತ್ರ.

ಈ ಕೆಲಸ ನಿಧಾನದ್ದು. ಒಂದು ಹೆಸರಿನ ಹಿಂದೆ ಎಷ್ಟೋ ದಿನ ಓಡಾಡಬೇಕಾಗುತ್ತದೆ. ಫೋನ್ ಮಾಡಬೇಕು, ಮೊಮ್ಮಕ್ಕಳನ್ನು ಹುಡುಕಬೇಕು, ಮುರಗೂಡದ ಸಂತೆಯಲ್ಲಿ ಸಿಕ್ಕ ಬೀಗರನ್ನೂ ಬಿಡದೆ ನಿಲ್ಲಿಸಿ ಕೇಳಬೇಕು. ಸಾಹೇಬರಿಗೆ ಅವಸರ. ಅವರು ಸಾಫ್ಟ್‌ವೇರ್ ಮಾಡಿದವರಿಗೆ ಹೇಳಿ ಒಂದು ಸವಲತ್ತು ಸೇರಿಸಿದರು: ಲೇಖಕರ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆತನ, ಊರು, ಈ ನಾಲ್ಕೂ ಹೊಂದಿದರೆ ಕಂಪ್ಯೂಟರ್ ತಾನಾಗಿಯೇ ಎರಡು ಹೆಸರುಗಳನ್ನು ಒಂದು ಮಾಡಿಬಿಡುತ್ತದೆ. “ನಾಲ್ಕೂ ಹೊಂದಿದ ಮೇಲೆ ಸಂಶಯ ಇನ್ನೆಲ್ಲಿಂದ ಬರಬೇಕು?” ಎಂದರು.

ಉತ್ತರ ಇಚಲಕರಂಜಿಯಿಂದ ಫೋನಿನಲ್ಲಿ ಬಂತು. ಮುಂಜಾನೆ ನಾನು ವಾಚನಾಲಯದ ಕಿಟಕಿ ತೆಗೆಯುತ್ತಿದ್ದೆ, ಪೇಪರ್ ಓದುವ ಮುದುಕರು ಇನ್ನೂ ಬಂದಿರಲಿಲ್ಲ. ವಯಸ್ಸಾದ ಹೆಂಗಸಿನ ದನಿ, ಆದರೆ ನಡುಕವಿಲ್ಲ.

“ಕಂಪ್ಯೂಟರಿನಾಗ ಹೆಸರ ಹಾಕಾವ್ರು ನೀವ ಏನ್ರಿ?”

“ಹೌದ್ರಿ ಅವ್ವಾರ, ಹೇಳ್ರಿ.”

“ನನ್ನ ಹೆಸರಿನಾಗ ಮೂರು ಪುಸ್ತಕ ತೋರ್ಸಾಕತ್ತೈತಿ. ನಾ ಬರದದ್ದು ಎರಡ. ಆ ಜೋಗುಳ ಪದದ ಪುಸ್ತಕ ನಂದಲ್ಲ. ತಗೀರಿ ಅದನ್ನ.”

ಯಾರದು ಹಾಗಾದರೆ ಎಂದು ಕೇಳಿದೆ.

“ನಮ್ಮ ಅಕ್ಕಂದು. ಒಡಹುಟ್ಟಿದಾಕಿ ಅಲ್ಲ ಮತ್ತ. ನಮ್ಮ ಯಜಮಾನ್ರ ಮೊದಲನೇ ಹೆಂಡ್ತಿ. ಆಕಿ ತೀರಿಕೊಂಡ ಮ್ಯಾಲೆ ನಾ ಈ ಮನಿಗೆ ಬಂದೆ. ಆಕೀ ಹೆಸರನ್ನ ನನಗ ಇಟ್ರು. ಮೊನ್ನೆ ಯಾವದೋ ಕಾಲೇಜಿನ ಹುಡುಗಿ ಫೋನ್ ಮಾಡಿ, ಅಜ್ಜಿ, ಎಷ್ಟ ಛಲೋ ಪದ ಕೂಡಿಸೀರಿ ಅಂತ ಹೊಗಳಿದ್ಲು ತಂಗಿ. ನನಗ ಅವತ್ತ ಊಟ ಸೇರಲಿಲ್ಲ.”

ನಾನು ಕಿಟಕಿ ಅರ್ಧಕ್ಕೇ ಬಿಟ್ಟು ಕುರ್ಚಿಯಲ್ಲಿ ಕುಳಿತೆ. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಹೆಂಡತಿ ಸತ್ತು ಎರಡನೆಯವಳು ಬಂದಾಗ ಕೆಲವು ಮನೆಗಳಲ್ಲಿ ಸತ್ತವಳ ಹೆಸರನ್ನೇ ಅವಳಿಗೂ ಇಡುತ್ತಾರೆ. ಸತ್ತವಳಿಗೆ ಸಮಾಧಾನವಾಗುತ್ತದೆ ಎನ್ನುವವರಿದ್ದಾರೆ. ಗಂಡಸಿಗೆ ಕರೆಯಲು ರೂಢಿ ತಪ್ಪುವುದಿಲ್ಲ ಎನ್ನುವವರೂ ಇದ್ದಾರೆ. ಈ ಮಾತು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಆದರೆ ಅಂಥ ಮನೆಯೊಂದರ ಇಬ್ಬರು ಸೊಸೆಯರೂ ಪುಸ್ತಕ ಬರೆದಾರು ಎಂದು ಯಾರು ಎಣಿಸಿದ್ದರು?

ಮೂರೂ ಪುಸ್ತಕಗಳನ್ನು ಪರದೆಯ ಮೇಲೆ ತೆರೆದೆ. ಒಂದು ನಮ್ಮ ತಾಲೂಕುಗಳ ಹಳ್ಳಿಗಳಲ್ಲಿ ಹಾಡುವ ಜೋಗುಳ ಪದಗಳ ತೆಳುವಾದ ಪುಸ್ತಕ. ಉಳಿದವು ಮಾಗಕ್ಕೆ ಕಾಂಡಿ, ಅಂದರೆ ನೂಲಿನ ಉರುಳೆ, ತುಂಬಿ ಕೊಡುವ ಹೆಂಗಸರ ಬದುಕಿನ ಮೇಲೆ, ಒಂದು ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಮೂರರ ಮೇಲೂ ಅದೇ ಹೆಸರು, ಅದೇ ಗಂಡನ ಹೆಸರು, ಅದೇ ಮನೆತನ, ಅದೇ ಊರು. ಕಂಪ್ಯೂಟರಿನದೇನೂ ತಪ್ಪಿಲ್ಲ, ಹೇಳಿದ್ದನ್ನು ಮಾಡಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಹಾಗೆ, ಇಬ್ಬರು ಹೆಂಗಸರು ಊರೂರು ತಿರುಗಿ ಮಾಡಿದ ಕೆಲಸ ಒಂದು ಗುಂಡಿ ಒತ್ತಿದ್ದಕ್ಕೆ ಕಲೆಸಿಹೋಗಿತ್ತು.

ಸಾಹೇಬರಿಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. ಒಂದೇ ಹೆಸರಿನ ಇಬ್ಬರಿದ್ದರೆ ಹೆಸರಿನ ಮುಂದೆ ಹುಟ್ಟಿದ ವರ್ಷ, ತೀರಿದ ವರ್ಷ ಹಾಕಿ ಬೇರೆ ಮಾಡುವುದು ಎಲ್ಲ ಕಡೆ ಇರುವ ಪದ್ಧತಿ, ಹಾಗೆ ಮಾಡಿ ಮುಗಿಸಿ ಎಂದರು. ಅದು ಸರಿಯಾದ ಮಾತೇ. ಇಚಲಕರಂಜಿಯ ಅವ್ವನಿಗೆ ಮತ್ತೆ ಫೋನ್ ಮಾಡಿ ಇದನ್ನು ತಿಳಿಸಿದೆ.

“ವರ್ಷ ಯಾರ ನೋಡ್ತಾರ ತಂಗಿ? ಮಂದಿ ಹೆಸರ ನೋಡ್ತಾರ,” ಎಂದರು. “ಇದು ಫೋನಿನಾಗ ಮುಗಿಯೂದಲ್ಲ. ಒಮ್ಮೆ ಬಂದ ಹೋಗ್ರಿ.”

ಹೋದೆ. ನಾನು ಬಸ್ಸಿಳಿದು ಅವರ ಓಣಿ ಹುಡುಕುವಾಗ ಪಾಳಿ ಬದಲಾಗುತ್ತಿತ್ತು. ಸೈಕಲ್ಲುಗಳು, ಮೋಟಾರ್ ಸೈಕಲ್ಲುಗಳು ಸಂದಿಯಿಂದ ಸಂದಿಗೆ ನುಗ್ಗುತ್ತಿದ್ದವು, ಮಾಗಗಳ ಖಟಖಟ ಒಂದು ಶೆಡ್ಡಿನಲ್ಲಿ ನಿಂತರೆ ಇನ್ನೊಂದರಲ್ಲಿ ಶುರುವಾಗುತ್ತಿತ್ತು. ಅವರ ಮನೆ ಮುಂದೆ, ಶೆಡ್ಡು ಹಿಂದೆ. ಗೋಡೆಯೊಂದು ಸಣ್ಣಗೆ ನಡುಗುತ್ತಲೇ ಇರುವ ಕೋಣೆಯಲ್ಲಿ ಅವ್ವ ಕುಳಿತಿದ್ದರು. ಎಂಬತ್ತು ದಾಟಿದ ಸಣಕಲು ದೇಹ, ದಪ್ಪ ಗಾಜಿನ ಕನ್ನಡಕ. ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆ ಬೆಳ್ಳಿಯ ಸಣ್ಣ ಬಿಲ್ಲೆಯೊಂದು ಇತ್ತು, ಅದರ ಮೇಲೆ ಹೆಂಗಸಿನ ಮೂರ್ತಿ. ನಾನು ನೋಡಿದ್ದನ್ನು ಅವರು ನೋಡಿದರು.

“ಇಕೀನ ನಮ್ಮ ಅಕ್ಕ,” ಎಂದರು. “ಲಗ್ನದಾಗ ತಾಳಿ ಸಂಗಾಟ ಹಾಕಿದ್ರು. ಯಜಮಾನ್ರು ಹ್ವಾದ ಮ್ಯಾಲೆ ತಾಳಿ ತಗದೆ, ಇಕೀನ್ನ ತಗೀಲಿಲ್ಲ. ಪಾಪ, ಇಕಿ ಏನ ಮಾಡ್ಯಾಳ?”

ಅವರು ಈ ಮನೆಗೆ ಬಂದಾಗ ಇನ್ನೂ ಹುಡುಗಿ. ತೊಟ್ಟಿಲಲ್ಲಿ ಮೊದಲನೆಯವಳ ಕೂಸು. ಬಾಣಂತಿತನದಲ್ಲೇ ಅವಳು ತೀರಿಹೋಗಿದ್ದಳು. ಕೂಸು ಅತ್ತರೆ ಹಾಡಲು ಇವರಿಗೆ ಒಂದು ಪದವೂ ಬರುತ್ತಿರಲಿಲ್ಲ. ಕಪಾಟಿನಲ್ಲಿದ್ದ ಆ ತೆಳುವಾದ ಪುಸ್ತಕವನ್ನು ತೆಗೆದು, ಒಂದೊಂದೇ ಪದ ಓದಿ, ತಮಗೆ ತಿಳಿದ ಹಾಗೆ ಧಾಟಿ ಕೂಡಿಸಿ ಹಾಡಿದರಂತೆ. ಬಸುರಿದ್ದಾಗ ಊರೂರು ತಿರುಗಿ ಅವಳು ಕೂಡಿಸಿದ ಪದಗಳು ಅವು.

“ಕೂಡಿಸಿದಾಕಿ ಆಕಿ, ಹಾಡಿದಾಕಿ ನಾ. ಆಕಿ ಕೂಸಿಗೆ ಆಕೀನ ಪದಾ ಹಾಡಿ ದೊಡ್ಡಾಂವನ್ನ ಮಾಡೇನಿ,” ಎಂದರು. “ಈಗ ನಿಮ್ಮ ಕಂಪ್ಯೂಟರ ಅದನ್ನೂ ನನ್ನ ಕೈಯಾಗ ಕೊಟ್ರ, ಆಕೀಗೆ ಉಳೀತೇನ? ಆಕೀ ಮನಿ, ಆಕೀ ಗಂಡ, ಆಕೀ ಮಗ, ಆಕೀ ಹೆಸರ, ಎಲ್ಲಾ ನನಗ ಬಂತು. ಪುಸ್ತಕಾನೂ ಕಸಗೊಳ್ಳಾಕ ನಾ ತಯಾರಿಲ್ಲ.”

ಅಳು ಬಂದದ್ದೂ ನಿಜ, ಸಿಟ್ಟು ಬಂದದ್ದೂ ನಿಜ. ನನ್ನ ಮದುವೆಯಲ್ಲೂ ತಾಟಿನಲ್ಲಿ ಅಕ್ಕಿ ಹರಡಿ, ಗಂಡನ ಕೈಗೆ ಉಂಗುರ ಕೊಟ್ಟು, ನನಗೊಂದು ಹೊಸ ಹೆಸರು ಬರೆಸಿದ್ದರು. ನಾನು ಅದಕ್ಕೆ ಓಗೊಡಲೇ ಇಲ್ಲ. ಅತ್ತೆ ಅಡುಗೆಮನೆಯಿಂದ ಹೊಸ ಹೆಸರು ಕೂಗುವರು, ನಾನು ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಬಾಗಿಲ ಕಡೆ ನೋಡುವೆ. ಹಾಲು ಉಕ್ಕಿದರೂ ಏಳಲಿಲ್ಲ. ಕೊನೆಗೆ ಅವರೇ ಬೇಸತ್ತು ಹಳೆಯ ಹೆಸರಿಗೆ ಬಂದರು. “ಇಕಿ ಸೊಸಿ ಅಲ್ಲ, ಗ್ವಾಡಿ,” ಎಂದು ನೆರೆಯವರ ಮುಂದೆ ಬೈದರು. ಅವರ ಜೊತೆ ನನ್ನ ಬಾಳುವೆ ಚೆನ್ನಾಗಿಯೇ ನಡೆಯಿತು. ಆದರೆ ನನಗಿದ್ದ ಧೈರ್ಯ ನನ್ನೊಬ್ಬಳದೇ ಆಗಿರಲಿಲ್ಲ, ಕೈಯಲ್ಲಿ ನೌಕರಿಯಿತ್ತು. ತೊಟ್ಟಿಲ ಮುಂದೆ ನಿಂತ ಆ ಹುಡುಗಿಗೆ ಏನಿತ್ತು?

“ನಿಮ್ಮ ಪುಸ್ತಕಕ್ಕ ಯಾವ ಹೆಸರ ಹಾಕೂಣ್ರಿ?” ಎಂದು ಕೇಳಿದೆ.

“ನನ್ನ ತವರಮನಿ ಹೆಸರ ಹಾಕ್ರಿ. ಸಾಯೂದ್ರಾಗ ಒಮ್ಮೆ ನಾನು ನಾನಾಗಿ ಕಾಣಬೇಕು.”

“ಹಂಗಾದ್ರ ಈ ಮನಿ ಹೆಸರ ಅಕ್ಕಾರಿಗೆ ಇರಲಿ.”

ಅವರು ತಲೆ ಅಲ್ಲಾಡಿಸಿದರು. “ಅದೂ ಆಕೀದಲ್ಲ. ನಮ್ಮ ಅತ್ತಿಯವ್ರಿಗೆ ಮನಿ ಸೊಸಿಗೆ ಮನಿದೇವರ ಹೆಸರ ಇರಬೇಕಂತ ಹಟ. ಆಕೀಗೂ ಅಕ್ಕಿಯಾಗ ಬರದ ಇಟ್ಟದ್ದ. ಹುಟ್ಟಿದಾಗ ಆಕೀಗೆ ಏನಂತಿದ್ರು, ಈ ಮನ್ಯಾಗ ಯಾರಿಗೂ ಗೊತ್ತಿಲ್ಲ.” ಆಮೇಲೆ ಕಿರಾಣಿ ಅಂಗಡಿಯವನಿಗೆ ಸಾಮಾನು ಹೇಳುವಷ್ಟು ನೇರವಾಗಿ ಹೇಳಿದರು: “ಆಕೀ ಹೆಸರ ಹುಡುಕ್ರಿ. ಅದು ಸಿಗೂತನಕ ನಂದೂ ಹಾಕಬ್ಯಾಡ್ರಿ. ಹಾಕಿದ್ರ ಇಬ್ಬರದೂ ಕೂಡೇ ಹಾಕ್ರಿ.”

ಅವರ ಮಗ, ಅಂದರೆ ತೊಟ್ಟಿಲಲ್ಲಿದ್ದ ಆ ಕೂಸು, ಚಹಾ ತಂದರು. ಅವರ ತಲೆಯೇ ಈಗ ನರೆತಿದೆ, ಅಂಗಿಯ ತುಂಬ ಹತ್ತಿಯ ಧೂಳು. “ಅವ್ವ ಹಿಡದ್ಲಂದ್ರ ಬಿಡೂದಿಲ್ರಿ,” ಎಂದು ನಕ್ಕರು. ಹೆತ್ತ ತಾಯಿಯ ತವರು ಕೋವಾಡದ ಹತ್ತಿರದ ಒಂದು ಹಳ್ಳಿ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಅಪ್ಪ ಎರಡನೆಯ ಲಗ್ನವಾದ ಮೇಲೆ ಸೋದರಮಾವಂದಿರು ಸಿಟ್ಟಾಗಿ ಬರುವುದು ಬಿಟ್ಟರಂತೆ. ತಾಯಿಗೆ ಬೇರೆ ಹೆಸರಿತ್ತು ಎಂಬ ಮಾತು ಅವರ ಕಿವಿಗೆ ಬಿದ್ದದ್ದೇ ಅವತ್ತು.

ಕೊಲ್ಹಾಪುರದ ಮೀಟಿಂಗಿಗೆ ಹೋಗುವಾಗ ಸಂಕೇಶ್ವರ ದಾಟಿ ನಿಪ್ಪಾಣಿ ಬರುವವರೆಗೂ ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಅಲ್ಲಿ ಹೋದ ಮೇಲೆ ಗಟ್ಟಿಯಾಗಿ ಮಾಡಿದೆ.

“ಪುಸ್ತಕದ ಮೇಲೆ ಇಲ್ಲದ ಹೆಸರನ್ನು ಒಪ್ಪಿತ ಹೆಸರು ಅಂತ ಹೇಗೆ ಮಾಡುವುದು?” ಎಂದರು ಸಾಹೇಬರು ಮರಾಠಿಯಲ್ಲಿ. “ಓದುವವರು ಪುಸ್ತಕದ ಮೇಲಿನ ಹೆಸರು ಹಿಡಿದು ಬರುತ್ತಾರೆ.”

“ಆ ಹೆಸರ ಹಿಡದ ಬಂದ್ರೂ ಸಿಗತೈತ್ರಿ. ‘ಇದನ್ನು ನೋಡಿ’ ಅಂತ ಹಾಕಿರತೇವಿ. ಬಾಗಲಾ ಮುಚ್ಚಾಕ ಹೇಳಾಕತ್ತಿಲ್ಲ ನಾ.”

“ಒಬ್ಬ ಹೆಂಗಸಿನ ಸಲುವಾಗಿ ನಿಯಮ ಮುರಿದರೆ ನಾಳೆ ಎಲ್ಲರೂ ಬರುತ್ತಾರೆ.”

“ಬರಲ್ರಿ. ಬಂದವ್ರದೆಲ್ಲಾ ನಾನ ಮಾಡತೇನಿ. ಮತ್ತ ಇದು ಒಬ್ಬ ಹೆಣಮಗಳದಲ್ಲ, ಇಬ್ಬರದು. ಇಬ್ಬರು ಅದಾರ ಅನ್ನೂದ ನಮಗ ಮರತದ್ದು.”

ಸಾಹೇಬರ ಮಾತಿನಲ್ಲೂ ಹುರುಳಿತ್ತು. ಕಂಡವರಿಗೆಲ್ಲ ಕಂಡ ಹೆಸರು ಹಾಕುತ್ತ ಹೋದರೆ ಪಟ್ಟಿ ಸಂತೆಯಾಗುತ್ತದೆ, ಆಮೇಲೆ ಯಾರಿಗೂ ಏನೂ ಸಿಗುವುದಿಲ್ಲ. ಆದ್ದರಿಂದ ನಿಯಮ ಮುರಿಯಬೇಡಿ, ಹೊಸದೊಂದು ಸೇರಿಸಿ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ ಹಿಡಿದ ಅವರು, ನಿಯಮವನ್ನು ನೀವೇ ಬರೆದು ತನ್ನಿ, ಇಬ್ಬರ ತವರಿನ ಹೆಸರಿಗೂ ಆಧಾರ ತನ್ನಿ, ಆಮೇಲೆ ನೋಡೋಣ ಎಂದರು. “ಪುರಾವಾ ಪಾಹಿಜೆ,” ಎಂದು ಎರಡು ಸಲ ಹೇಳಿದರು, ಪುರಾವೆ ಬೇಕು. ನೋಡೋಣ ಎಂದರಲ್ಲ, ಅಷ್ಟು ಸಾಕಿತ್ತು ನನಗೆ. ಊರಿಗೆ ಬಂದಾಕಿ ನೀರಿಗೆ ಬರದೆ ಇರುತ್ತಾಳೇನು ಅಂದುಕೊಂಡು ಬಸ್ಸು ಹತ್ತಿದೆ.

ಅವ್ವನ ಆಧಾರ ಸುಲಭವಾಗಿ ಸಿಕ್ಕಿತು, ಶಾಲೆಯ ದಾಖಲೆಯಿತ್ತು. ಮೊದಲನೆಯವಳದು ಕಷ್ಟವಾಯಿತು. ಅವಳು ಕಲಿತ ಶಾಲೆಯ ಹಳೆಯ ಕಾಗದಗಳೆಲ್ಲ ಹೊಳೆಯ ನೀರು ಹೊಕ್ಕ ವರ್ಷ ಹಾಳಾಗಿದ್ದವು. ಸೋದರಮಾವಂದಿರು ತೀರಿಹೋಗಿ, ಅವರ ಮಕ್ಕಳು ಮನೆ ಮಾರಿಕೊಂಡು ಎಲ್ಲೆಲ್ಲೋ ಚದುರಿದ್ದರು. ಮೊದಲ ಸಲ ಕೋವಾಡಕ್ಕೆ ಹೋಗಿ ಬರಿಗೈಲಿ ಬಂದೆ. “ಹೆಸರ ಹೇಳ್ರಿ, ಮನಿ ತೋರಸ್ತೇವಿ,” ಎಂದು ಎಲ್ಲರೂ ಅನ್ನುತ್ತಿದ್ದರು. ಹೆಸರು ಹುಡುಕಲೆಂದೇ ಬಂದವಳು ನಾನು. ಇಚಲಕರಂಜಿಗೆ ಕೊಟ್ಟ ಹುಡುಗಿ, ಬಾಣಂತಿತನದಲ್ಲಿ ಹೋದವಳು ಎಂದರೆ, ಅಂಥವರು ಭಾಳ ಮಂದಿ ಆಗಿ ಹೋದರು ಎಂದು ಒಬ್ಬ ಮುದುಕ ಮುಖ ತಿರುಗಿಸಿದ. ನನ್ನ ಗಂಡ, ಬಿಟ್ಟುಬಿಡು, ವರ್ಷ ಹಾಕಿ ಕೈ ತೊಳೆದುಕೋ ಎಂದರು. ಅವತ್ತು ಅವರಿಗೆ ತಂಗಳ ಊಟ ಹಾಕಿದೆ.

ಎರಡನೆಯ ಸಲ ಸಂತೆಯ ದಿನ ನೋಡಿಕೊಂಡು ಹೋದೆ. ಹೆಣ್ಣುಮಕ್ಕಳ ತವರಿನ ಸುದ್ದಿ ಹೆಣ್ಣುಮಕ್ಕಳಲ್ಲೇ ಕೇಳಬೇಕು ಎಂದು ಬುದ್ಧಿ ಬಂದಿತ್ತು. ಬಳೆ ಇಡಿಸಿಕೊಳ್ಳುತ್ತ ಬಳೆಗಾರ್ತಿಯ ಮುಂದೆ ಕುಳಿತು ವಿಷಯ ತೆಗೆದೆ. ಅವಳಿಗೆ ಗೊತ್ತಿರಲಿಲ್ಲ, ಅವಳ ಅತ್ತೆಗೆ ಗೊತ್ತಿತ್ತು. ತೀರಿಹೋದವಳ ತಂಗಿಯೊಬ್ಬಳು ಇನ್ನೂ ಇದ್ದಾಳೆ, ಅಲ್ಲೇ ಹತ್ತಿರದ ವಾಡಿಗೆ ಕೊಟ್ಟದ್ದು ಎಂದಳು.

ತಂಗಿ ಅಂಗಳದಲ್ಲಿ ಕಾಜೂ ಬೀಜ ಒಣಹಾಕಿ, ಕೋಳಿ ಅಟ್ಟುತ್ತ ಕುಳಿತಿದ್ದರು. ಅವರಿಗೂ ಇಚಲಕರಂಜಿಯ ಅವ್ವನ ವಯಸ್ಸೇ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಮುಖದಲ್ಲಿ ನಂಬಿಕೆ ಕಾಣಲಿಲ್ಲ.

“ಸತ್ತ ಇಷ್ಟ ವರ್ಷಾತು. ಈಗ ಯಾಕ ಬೇಕು ಆಕೀ ಹೆಸರ?”

“ಆಕೀ ಪುಸ್ತಕದ ಮ್ಯಾಲೆ ಹಾಕಾಕರಿ.”

“ನಮ್ಮಕ್ಕ ಪುಸ್ತಕ ಮಾಡ್ಯಾಳೇನ?” ಎಂದು ಕೇಳಿದರು.

ಗಂಡನ ಮನೆಯ ಹೆಸರಿನಲ್ಲಿ ಅಚ್ಚಾದ ಪುಸ್ತಕದ ಸುದ್ದಿ ತವರಿಗೆ ಮುಟ್ಟಿರಲೇ ಇಲ್ಲ. ಮೊಬೈಲಿನಲ್ಲಿ ಪುಸ್ತಕ ತೆರೆದು ಮೊದಲನೆಯ ಪದವನ್ನು ಓದತೊಡಗಿದೆ. ನಾನು ಎರಡು ಸಾಲು ಓದುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು. ಉಳಿದದ್ದನ್ನು ಅವರೇ ಹಾಡಿದರು, ಮೆಲ್ಲಗೆ, ಒಂದಕ್ಷರ ತಪ್ಪದೆ. ನಾನು ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲು ಹೊಂದಿಸಿ ನೋಡಿದೆ.

“ಇದು ನಮ್ಮವ್ವಂದು,” ಎಂದರು. “ನಮ್ಮಿಬ್ಬರಿಗೂ ಹಾಡ್ಯಾಳ ಇದನ್ನ. ಆ ಮಂದಿ ನಮ್ಮಕ್ಕನ್ನ ಹೆಸರ ಬದಲ ಮಾಡಿ ಒಯ್ದ್ರು. ಸತ್ತಾಗೂ ಆ ಹೆಸರಿಂದನ ಅತ್ರು. ನಮ್ಮವ್ವ ಒಬ್ಬಾಕೀನ ಮನಿಗೆ ಬಂದ ಮ್ಯಾಲೆ ಆಕೀ ಹೆಸರ ಹಿಡದ ಅತ್ತದ್ದು.”

ಆಮೇಲೆ ಅವರು ಹೆಸರು ಹೇಳಿದರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಕ್ಯಾಟಲಾಗಿನಲ್ಲಿ ನೋಡಬಹುದು, ಇರಬೇಕಾದ ಜಾಗದಲ್ಲಿ ಇದೆ. ಅವರ ಒಪ್ಪಿಗೆ ಪಡೆದು ಹಾಡನ್ನೂ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹೊರಡುವಾಗ ಅವರು ಸೆರಗಿಗೆ ಒಂದು ಬೊಗಸೆ ಕಾಜೂ ಹಾಕಿ, ಆ ಪುಸ್ತಕದ್ದೊಂದು ಪ್ರತಿ ತಂದುಕೊಡಲು ಹೇಳಿದರು. ತಂದುಕೊಟ್ಟೆ.

ಕೊಲ್ಹಾಪುರದಲ್ಲಿ ಮತ್ತೆ ಅದೇ ಮಾತು. “ಪುರಾವಾ ಕಾಯ?” ಎಂದರು ಸಾಹೇಬರು, ಪುರಾವೆ ಏನು ಎಂದು. ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೆ ಅದಕ್ಕೆ ಆಧಾರವೇನು ಎಂದು ಬರೆಯುವ ಜಾಗವಿರುತ್ತದೆ. ಅಲ್ಲಿ ನಾನು ‘ತಂಗಿ ಬಾಯಿಂದ ಹೇಳಿದ್ದು’ ಎಂದು ಬರೆದಿದ್ದೆ. ಅವರು ಅದರ ಮೇಲೆ ಪೆನ್ನು ಕುಟ್ಟುತ್ತ, “ಇದು ಬಾಯಿಮಾತು,” ಎಂದರು.

“ಹೌದ್ರಿ, ಬಾಯಿಮಾತ,” ಎಂದೆ. “ಆ ಪುಸ್ತಕದಾಗಿನ ಪದಾ ಎಲ್ಲಾ ಬಾಯಿಮಾತ ಅವ. ಯಾರೂ ಬರದ ಕೊಟ್ಟದ್ದಲ್ಲ. ಅವನ್ನ ಇಟಗೊಂಡೀವಿ, ಕೂಡಿಸಿದಾಕೀ ಹೆಸರಿಗೆ ಮಾತ್ರ ಕಾಗದ ಬೇಕೇನ್ರಿ?”

ಮೊಬೈಲ್ ತೆಗೆದು ತಂಗಿಯ ಹಾಡು ಹಚ್ಚಿದೆ. ಸಾಹೇಬರು ಪೂರ್ತಿ ಕೇಳಿದರು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ನಾನು ಬರೆದಿದ್ದ ನಿಯಮದ ಉದ್ದ ವಾಕ್ಯವನ್ನು ಹೊಡೆದುಹಾಕಿ, ಮೇಲೆ ತಾವೇ ಬರೆದರು: ಒಂದೇ ಮನೆಯಲ್ಲಿ ಒಂದೇ ಹೆಸರನ್ನು ಒಬ್ಬರಿಗಿಂತ ಹೆಚ್ಚು ಸೊಸೆಯರಿಗೆ ಇಟ್ಟಿದ್ದರೆ ಪ್ರತಿಯೊಬ್ಬರ ತವರಿನ ಹೆಸರೇ ಒಪ್ಪಿತ ಹೆಸರು, ಇಟ್ಟ ಹೆಸರಿನಿಂದ ಹುಡುಕಿದರೆ ಎಲ್ಲರೂ ಕಾಣತಕ್ಕದ್ದು. ನನ್ನದಕ್ಕಿಂತ ಅವರದೇ ಚೆನ್ನಾಗಿತ್ತು. ಅಲ್ಲೇ ಕುಳಿತು ಕಂಪ್ಯೂಟರ್ ಒಂದು ಮಾಡಿದ್ದನ್ನು ಎರಡು ಮಾಡಿದೆವು.

ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಇಚಲಕರಂಜಿಗೆ ಹೋಗಿ ಅವ್ವನ ಮುಂದೆ ಮೊಬೈಲ್ ಹಿಡಿದು, ಅಕ್ಷರ ದೊಡ್ಡದು ಮಾಡಿ ತೋರಿಸಿದೆ. ಮೊದಲು ತಮ್ಮ ಹೆಸರು ಓದಿದರು, ಅದರ ಕೆಳಗೆ ಎರಡು ಪುಸ್ತಕ. ಬೆರಳಿಂದ ಒಂದು ಸಲ ಮುಟ್ಟಿ ನೋಡಿ, ಸರಿ ಎನ್ನುವಂತೆ ತಲೆ ಹಾಕಿದರು. ನಾನು ಇನ್ನೊಂದು ಪುಟ ತೆಗೆದೆ. ಅಲ್ಲಿ ಇನ್ನೊಂದು ಹೆಸರು, ಕೆಳಗೆ ಜೋಗುಳದ ಪುಸ್ತಕ. ಅದನ್ನು ಅವರು ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಮಾನಮಿ ಅಮಾಸಿಗೊಮ್ಮೆ ಸತ್ತ ಹಿರ್ಯಾರ ಸಂಗಾಟ ಆಕೀಗೂ ಎಡಿ ಇಡತೇನಿ ನಾ,” ಎಂದರು. “ಹೋಳಗಿ ಮಾಡಿ, ಕುಬಸ ಇಟ್ಟು, ಹೆಸರ ಹಿಡದ ಕರೀಬೇಕು, ಬಾ, ಉಣ್ಣು ಅಂತ. ಒಂದ ವರ್ಷಾನೂ ತಪ್ಪಿಸಿಲ್ಲ. ಆದ್ರ ಯಾವ ಹೆಸರ ಹಿಡದ ಕರೀತಿದ್ದೆ? ಮನ್ಯಾಗ ಎಲ್ಲಾರೂ ನನ್ನ ಕರಿಯೂ ಹೆಸರ. ನನ್ನ ನಾನ ಕರದು ಉಣ್ಣಾಕ ಇಟ್ಟಂಗಾತಲ್ಲ ತಂಗಿ ಇಷ್ಟ ವರ್ಷ. ಆಕಿ ಉಪಾಸ ಇದ್ಲೋ ಏನೋ.”

ಅವರು ಗೋಡೆ ಹಿಡಿದು ಎದ್ದರು. ಅವತ್ತು ಅಮಾವಾಸ್ಯೆಯಲ್ಲ, ಹೋಳಿಗೆಯೂ ಇರಲಿಲ್ಲ. ಅಡುಗೆಮನೆಯಲ್ಲಿ ಮಧ್ಯಾಹ್ನಕ್ಕೆ ಮಾಡಿದ ರೊಟ್ಟಿ, ಬದನೆಕಾಯಿ ಪಲ್ಯೆ ಇತ್ತು. ಅದನ್ನೇ ತಾಟಿಗೆ ಬಡಿಸಿಕೊಂಡು ಬಂದು, ಕೊರಳ ಬಿಲ್ಲೆ ತೆಗೆದು ಮಣೆಯ ಮೇಲಿಟ್ಟು, ಅದರ ಮುಂದೆ ತಾಟು ಇಟ್ಟರು. ಆ ಹೆಸರು ಹಿಡಿದು ಗಟ್ಟಿಯಾಗಿ ಕರೆದು, “ಬಾರವಾ, ಉಣ್ಣು,” ಎಂದರು. ಹಿಂದೆ ಮಾಗ ನಿಲ್ಲಿಸಿ ಬಂದ ಮಗ ಬಾಗಿಲಲ್ಲಿ ನಿಂತು, ಅವ್ವ ಯಾರನ್ನು ಕರೆಯುತ್ತಿದ್ದಾಳೆ ಎಂದು ನನ್ನನ್ನು ಕೇಳಿದರು.

“ನಿಮ್ಮ ಹಡದವ್ವನ್ನ,” ಎಂದೆ.